ಗುಳೆ ಹೊರಡುವ ಮುನ್ನ: ಯಾವ ಕಾಗದ ಊರಲ್ಲೇ ಇರಬೇಕು, ಯಾವುದು ಜೊತೆಗೆ ಬರಬೇಕು

ಭಾರತದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು, ಎಲ್ಲಿ ಬೇಕಾದರೂ ನೆಲೆಸಬಹುದು. ಸಂವಿಧಾನದ 19ನೇ ವಿಧಿಯಲ್ಲೇ ಈ ಹಕ್ಕಿದೆ. ಪೌರತ್ವವೂ ಒಂದೇ; ಕರ್ನಾಟಕದ್ದು, ಮಹಾರಾಷ್ಟ್ರದ್ದು ಎಂದು ಬೇರೆ ಬೇರೆ ಇಲ್ಲ. ಆದರೆ ಅಕ್ಕಿ, ಓಟು, ಕಾರ್ಮಿಕರ ಕಾರ್ಡು, ಮಗುವಿನ ಶಾಲೆ ಎಲ್ಲವೂ ವಿಳಾಸ ಕೇಳುತ್ತವೆ. ಹಕ್ಕು ಮನುಷ್ಯನ ಜೊತೆ ಹೊರಟರೂ ದಾಖಲೆ ಊರಲ್ಲೇ ಕೂತಿರುತ್ತದೆ. 2011ರ ಜನಗಣತಿ ಪ್ರಕಾರ ಮದುವೆ, ದುಡಿಮೆ, ಓದು ಹೀಗೆ ಒಂದಿಲ್ಲೊಂದು ಕಾರಣಕ್ಕೆ ಊರು ಬದಲಿಸಿದವರು ದೇಶದಲ್ಲಿ 45 ಕೋಟಿಗೂ ಹೆಚ್ಚು. ಅವರಲ್ಲಿ ಈ ತೊಂದರೆ ಹೆಚ್ಚು ಕಾಡುವುದು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವವರಿಗೆ. ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ, ವಿಜಯಪುರ, ಕಲಬುರಗಿಯಿಂದ ಮಹಾರಾಷ್ಟ್ರ, ಗೋವಾಕ್ಕೆ ಹೋಗುವ ಕುಟುಂಬಗಳು ಇವೇ.

ಹೊರಡುವವರಿಗೂ, ಅವರಿಗೆ ಅರ್ಜಿ ತುಂಬಿಕೊಡುವ ಓದುಬಲ್ಲವರಿಗೂ ಮೊದಲೇ ಹೇಳಬೇಕಾದ ಮಾತೊಂದಿದೆ. ಹೊಸ ಊರಿನ ದಾಖಲೆ ಕೈಗೆ ಬರುವ ತನಕ ಹಳೆಯದನ್ನು ಕೈಬಿಡಬೇಡಿ, ರದ್ದು ಮಾಡಿಸಬೇಡಿ. ಎರಡೂ ಇಲ್ಲದೆ ನಡುವೆ ಸಿಕ್ಕಿಕೊಂಡರೆ ಹೊರಬರಲು ವರ್ಷಗಳೇ ಬೇಕಾಗುತ್ತವೆ.

ಹೊರಡಲು ಹದಿನೈದು ದಿನ ಇರುವಾಗ

ಆಧಾರ್‌ನಿಂದ ಶುರು ಮಾಡಿ. ಮನೆಯ ಪ್ರತಿಯೊಬ್ಬರ ಆಧಾರ್‌ಗೆ ಯಾವ ಮೊಬೈಲ್ ನಂಬರ್ ಜೋಡಣೆಯಾಗಿದೆ, ಆ ಸಿಮ್ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ನಗರಕ್ಕೆ ಹೋದವರು ಹೊಸ ಸಿಮ್ ಕೊಳ್ಳುತ್ತಾರೆ, ಹಳೆಯದಕ್ಕೆ ರೀಚಾರ್ಜ್ ಮಾಡುವುದಿಲ್ಲ. ಕೆಲವು ತಿಂಗಳಲ್ಲಿ ಆ ನಂಬರ್ ಬೇರೆಯವರ ಪಾಲಾಗುತ್ತದೆ. ಆಮೇಲೆ ಬ್ಯಾಂಕು, ರೇಷನ್, ಇ-ಶ್ರಮ್ ಯಾವುದರ ಒಟಿಪಿಯೂ ನಿಮಗೆ ಬರುವುದಿಲ್ಲ. ನಂಬರ್ ಬದಲಿಸಬೇಕಿದ್ದರೆ ಊರಿನ ಹತ್ತಿರದ ಆಧಾರ್ ಕೇಂದ್ರದಲ್ಲೇ ಮುಗಿಸಿಕೊಳ್ಳಿ, ಶುಲ್ಕ 75 ರೂಪಾಯಿ. ಮಕ್ಕಳಿಗೆ 5 ವರ್ಷ ತುಂಬಿದಾಗ ಒಮ್ಮೆ, 15 ವರ್ಷ ತುಂಬಿದಾಗ ಇನ್ನೊಮ್ಮೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಅದು ಬಾಕಿಯಿದ್ದರೆ ಶಾಲೆ, ರೇಷನ್ ಎರಡೂ ಕಡೆ ತಡೆಯಾಗುತ್ತದೆ.

ಆಧಾರ್‌ನ ವಿಳಾಸವನ್ನೂ ಬದಲಿಸಬೇಕೇ? ಒಂದು ಹಂಗಾಮಿಗೆ, ಐದಾರು ತಿಂಗಳಿಗೆ ಹೋಗುವವರು ಖಂಡಿತ ಬದಲಿಸಬೇಡಿ ಎಂಬುದು ನಮ್ಮ ಸಲಹೆ. ಬೇರೆ ಊರಲ್ಲಿ ರೇಷನ್ ಪಡೆಯಲು ಆಧಾರ್ ನಂಬರ್ ಸಾಕು, ಅದರ ಮೇಲಿನ ವಿಳಾಸ ಯಾರೂ ಕೇಳುವುದಿಲ್ಲ. ಬದಲಿಸಿದರೆ ಕಳೆದುಕೊಳ್ಳುವುದೇ ಹೆಚ್ಚು. ಶಕ್ತಿ ಯೋಜನೆಯ ಉಚಿತ ಬಸ್ ಟಿಕೆಟ್ ಕರ್ನಾಟಕದ ಹೆಣ್ಣುಮಕ್ಕಳಿಗೆ ಮಾತ್ರ. ಗುರುತಿನ ಚೀಟಿಯಲ್ಲಿ ಗೋವಾದ ವಿಳಾಸ ಬಂದರೆ ಹಬ್ಬಕ್ಕೆ ಊರಿಗೆ ಬಂದಾಗ ಕಂಡಕ್ಟರ್ ದುಡ್ಡು ಕೇಳುತ್ತಾರೆ. ಇಡೀ ಸಂಸಾರ ಹೋಗಿ ನಗರದಲ್ಲಿ ನೆಲೆ ನಿಂತವರ ಮಾತು ಬೇರೆ, ಅವರು ಬದಲಿಸಲೇಬೇಕು. ಅಂದ ಹಾಗೆ, ಆಧಾರ್ ಗುರುತಿನ ದಾಖಲೆಯೇ ಹೊರತು ಪೌರತ್ವದ ದಾಖಲೆ ಅಲ್ಲ. ಅದರ ಕಾಯ್ದೆಯಲ್ಲೇ ಹಾಗೆಂದಿದೆ. ಹಾಗಾಗಿ ಆಧಾರ್ ಒಂದಿದ್ದರೆ ಎಲ್ಲ ಮುಗಿಯಿತು ಎಂದುಕೊಂಡು ಉಳಿದ ಕಾಗದಗಳನ್ನು ಅಸಡ್ಡೆ ಮಾಡಬೇಡಿ.

ಮೂಲ ಕಾಗದಗಳನ್ನು ಶೆಡ್‌ಗೆ ಒಯ್ಯಬೇಡಿ. ತಗಡಿನ ಶೆಡ್‌ಗೆ ಮಳೆ ನೀರು ನುಗ್ಗಿ, ಬೆಂಕಿ ಬಿದ್ದು ಕಾಗದ ಕಳೆದುಕೊಂಡವರು ಬಹಳ. ಜಾತಿ ಪ್ರಮಾಣಪತ್ರ, ಪಹಣಿ, ಜನನ ಪ್ರಮಾಣಪತ್ರ, ಅಂಕಪಟ್ಟಿಗಳ ಮೂಲ ಪ್ರತಿ ಊರಲ್ಲಿ ನಂಬಿಕಸ್ಥರ ಟ್ರಂಕಿನಲ್ಲಿರಲಿ. ಜೊತೆಗೆ ತಲಾ ಎರಡು ಜೆರಾಕ್ಸ್ ಇರಲಿ, ಮೊಬೈಲ್‌ನಲ್ಲಿ ಫೋಟೊ ಇರಲಿ. ಆಧಾರ್, ಮತದಾರರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಗರ್ಭಿಣಿ ಇದ್ದರೆ ತಾಯಿ ಕಾರ್ಡ್, ಇಷ್ಟು ಮೂಲ ಪ್ರತಿಗಳು ಮಾತ್ರ ಜೊತೆಗೆ ಬರಲಿ.

ರೇಷನ್: ಕಾರ್ಡ್ ಊರಲ್ಲಿದ್ದರೂ ಅಕ್ಕಿ ಇದ್ದಲ್ಲೇ

ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ಆದ್ಯತಾ (ಬಿಪಿಎಲ್) ಕಾರ್ಡಿಗೆ ತಿಂಗಳಿಗೆ ತಲಾ 5 ಕೆ.ಜಿ., ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆ.ಜಿ. ಧಾನ್ಯವನ್ನು ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಉಚಿತವಾಗಿ ಪಡೆಯಬಹುದು. ಎಪಿಎಲ್ ಕಾರ್ಡಿಗೆ ಈ ಸೌಲಭ್ಯ ಇಲ್ಲ.

ಮನೆಯವರೆಲ್ಲ ಒಟ್ಟಿಗೆ ಹೋಗಬೇಕೆಂದಿಲ್ಲ. ಕಾರ್ಡಿನಲ್ಲಿ ಹೆಸರಿರುವ ಒಬ್ಬರು ಹೆಬ್ಬೆಟ್ಟು ಒತ್ತಿದರೆ ಸಾಕು. ಪಾಲು ಮಾಡಿಕೊಂಡೂ ತೆಗೆಯಬಹುದು. ಐದು ಜನರ ಕಾರ್ಡಿಗೆ 25 ಕೆ.ಜಿ. ಅಂದುಕೊಳ್ಳಿ. ಗಂಡ, ಹೆಂಡತಿ, ಒಂದು ಮಗು ಪುಣೆಯಲ್ಲಿದ್ದಾರೆ, ಅಜ್ಜ ಅಜ್ಜಿ ಊರಲ್ಲಿದ್ದಾರೆ. ಪುಣೆಯಲ್ಲಿ 15, ಊರಲ್ಲಿ 10. ಇಲ್ಲಿ ಎಡವುವುದು ಮಾತುಕತೆ ಇಲ್ಲದ ಕಡೆ. ಊರಿನವರು ತಿಂಗಳ ಮೊದಲ ವಾರವೇ ಪೂರ್ತಿ 25 ಕೆ.ಜಿ. ಎತ್ತಿಬಿಟ್ಟರೆ ಪುಣೆಯ ಯಂತ್ರದಲ್ಲಿ ಬಾಕಿ ಸೊನ್ನೆ ಎಂದು ಬರುತ್ತದೆ, ಅಂಗಡಿಯವರ ಜೊತೆ ಜಗಳವಾಗುತ್ತದೆ. ಅವರ ತಪ್ಪೇನೂ ಇರುವುದಿಲ್ಲ. ಹೊರಡುವ ಮೊದಲೇ ಯಾರು ಎಷ್ಟು ಎತ್ತಬೇಕೆಂದು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ರಾಜ್ಯದ ಗಡಿ ದಾಟಿದವರಿಗೆ ಸಿಗುವುದು ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಸೇರಿಸುವ ಪಾಲು ಮಹಾರಾಷ್ಟ್ರದ ಅಂಗಡಿಯಲ್ಲಿ ಸಿಗುವುದಿಲ್ಲ. ರಾಜ್ಯದೊಳಗೇ, ಯಾದಗಿರಿಯಿಂದ ಬೆಂಗಳೂರಿಗೆ ಬಂದವರಿಗೆ ಈ ತೊಂದರೆ ಇಲ್ಲ.

ಅಂಗಡಿಯಲ್ಲಿ ಆಗುವುದು ಇಷ್ಟು: ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಹೇಳುತ್ತೀರಿ, ಯಂತ್ರದ ಪರದೆಯಲ್ಲಿ ಮನೆಯವರ ಹೆಸರುಗಳು ಬರುತ್ತವೆ, ನಿಮ್ಮ ಹೆಸರು ಆರಿಸಿ ಬೆರಳು ಇಡಿಸುತ್ತಾರೆ. ಕಷ್ಟ ಬರುವುದು ಬೆರಳು ಇಟ್ಟಾಗ. ಸಿಮೆಂಟ್, ಸುಣ್ಣ, ಇಟ್ಟಿಗೆ ಮುಟ್ಟಿ ಮುಟ್ಟಿ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಹಿಂದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಬಿಸಿನೀರು ಸೋಪಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿಕೊಂಡು ಹೋಗಿ. ಬೆವರಿದ ಬೆರಳು, ಎಣ್ಣೆ ಉಳಿದ ಬೆರಳು ಎರಡೂ ಓದುವುದಿಲ್ಲ. ಹೆಬ್ಬೆರಳು ಆಗದಿದ್ದರೆ ಹತ್ತು ಬೆರಳನ್ನೂ ಒಂದೊಂದಾಗಿ ಇಡಿಸಲು ಕೇಳಿ. ಉಂಗುರದ ಬೆರಳು, ಕಿರುಬೆರಳು ಕೆಲಸದಲ್ಲಿ ಕಡಿಮೆ ಸವೆದಿರುತ್ತವೆ. ಕಣ್ಣಿನ ಯಂತ್ರ ಇದ್ದರೆ ಅದನ್ನು ಕೇಳಿ. ಯಾವುದೂ ಆಗಲಿಲ್ಲವೆಂದರೆ ಕಾರ್ಡಿನಲ್ಲಿರುವ ಇನ್ನೊಬ್ಬರನ್ನು ಕರೆತನ್ನಿ. ರಸೀದಿ ಬರದೆ ಚೀಲ ಎತ್ತಿಕೊಳ್ಳಬೇಡಿ, ಅದರಲ್ಲಿ ತಿಂಗಳು ಮತ್ತು ಕೆ.ಜಿ. ಸರಿಯಿದೆಯೇ ನೋಡಿ.

ಬೆರಳು ಓದಿದ ಮೇಲೂ ಅಕ್ಕಿ ಸಿಗದಿದ್ದರೆ ಕಾರಣ ಸಾಮಾನ್ಯವಾಗಿ ಇವೆರಡರಲ್ಲಿ ಒಂದು. ಆ ಸದಸ್ಯರ ಇ-ಕೆವೈಸಿ ಆಗಿಲ್ಲ, ಇಲ್ಲವೇ ಅವರ ಆಧಾರ್ ಪಡಿತರ ಚೀಟಿಗೆ ಜೋಡಣೆಯಾಗಿಲ್ಲ. ‘ಸ್ಟಾಕ್ ಇಲ್ಲ, ನಿಮ್ಮ ಊರಲ್ಲೇ ತಗೊಳ್ಳಿ’ ಎಂಬ ಮಾತೂ ಕೇಳಿಬರುತ್ತದೆ. ಅಂಗಡಿಗೆ ಧಾನ್ಯ ಬಂದ ಮೊದಲ ಮೂರ್ನಾಲ್ಕು ದಿನದಲ್ಲೇ ಹೋದರೆ ಈ ನೆಪ ನಡೆಯುವುದಿಲ್ಲ. ಆಗಲೂ ಕೊಡದಿದ್ದರೆ 14445 ಅಥವಾ 1967ಕ್ಕೆ ಕರೆ ಮಾಡಿ, ಅಂಗಡಿ ನಂಬರ್ ಹೇಳಿ ದೂರು ಬರೆಸಿ. ಎರಡೂ ಶುಲ್ಕವಿಲ್ಲದ ನಂಬರ್.

ಇನ್ನೊಂದು ಎಚ್ಚರಿಕೆ, ಇದು ಬಹಳ ಮುಖ್ಯ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಪಡಿತರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದಿದೆ. ಆರು ತಿಂಗಳು ಧಾನ್ಯ ಎತ್ತದ ಕಾರ್ಡನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮನೆಗೆ ಬಂದು ವಿಚಾರಿಸಿ, ಅರ್ಹರೋ ಅಲ್ಲವೋ ತೀರ್ಮಾನಿಸಬೇಕು ಎಂದು ಅದರಲ್ಲಿದೆ. ವಿಚಾರಿಸಲು ಬಂದಾಗ ಬಾಗಿಲಿಗೆ ಬೀಗ ಇದ್ದರೆ? ಕಬ್ಬು ಕಡಿಯಲು ಆರು ತಿಂಗಳು ಹೋಗುವ ಕುಟುಂಬಕ್ಕೆ ಇದು ನೇರ ಹೊಡೆತ. ಎರಡು ತಿಂಗಳಿಗೊಮ್ಮೆಯಾದರೂ ಎಲ್ಲಿದ್ದೀರೋ ಅಲ್ಲೇ ರೇಷನ್ ಎತ್ತಿ. ಕಾರ್ಡ್ ಹೋದರೆ ಅಕ್ಕಿಯ ಜೊತೆ ಗೃಹಲಕ್ಷ್ಮಿಯ 2,000 ರೂಪಾಯಿಗೂ ಕುತ್ತು, ಏಕೆಂದರೆ ಮನೆಯ ಯಜಮಾನಿ ಯಾರೆಂದು ತೀರ್ಮಾನವಾಗುವುದು ಅದೇ ಕಾರ್ಡಿನ ಮೇಲೆ.

ಓಟು: ಎರಡು ಕಡೆ ಬೇಡ, ಎಲ್ಲೂ ಇಲ್ಲದಂತೆಯೂ ಆಗಬಾರದು

1950ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಓಟು ಇರುವುದು ನೀವು ‘ಸಾಮಾನ್ಯವಾಗಿ ವಾಸಿಸುವ’ ಕಡೆ. ಆ ಊರಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿನ ನಿವಾಸಿ ಆಗುವುದಿಲ್ಲ. ಹಾಗೆಯೇ, ಸ್ವಲ್ಪ ಕಾಲ ಹೊರಗೆ ಹೋದ ಮಾತ್ರಕ್ಕೆ ನಿವಾಸಿ ಅಲ್ಲ ಎಂದೂ ಆಗುವುದಿಲ್ಲ. 20ನೇ ಸೆಕ್ಷನ್‌ನಲ್ಲಿ ಈ ಎರಡೂ ಮಾತು ಇವೆ. ಹಂಗಾಮಿಗೆ ಗುಳೆ ಹೋಗುವವರ ಹೆಸರನ್ನು ‘ಊರು ಬಿಟ್ಟಿದ್ದಾರೆ’ ಎಂದು ತೆಗೆಯಲು ಬಂದರೆ ಮನೆಯಲ್ಲಿರುವ ಹಿರಿಯರು ಎರಡನೆಯ ಮಾತನ್ನು ಹಿಡಿದು ಕೇಳಬಹುದು.

ಹಾಗಾಗಿ ಹಂಗಾಮಿಗೆ ಹೋಗುವವರು ಓಟನ್ನು ಊರಲ್ಲೇ ಇಟ್ಟುಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ನಿಮ್ಮ ಮಾತಿಗೆ ಬೆಲೆ ಇರುವುದು ಆ ಓಟಿನಿಂದ. ಮಕ್ಕಳನ್ನು ನಗರದ ಶಾಲೆಗೆ ಹಾಕಿ, ವರ್ಷಕ್ಕೆ ಒಂದೆರಡು ಸಲ ಮಾತ್ರ ಊರಿಗೆ ಬರುವವರು ನಗರಕ್ಕೆ ವರ್ಗಾಯಿಸಿಕೊಳ್ಳಿ. ನೀರು ಬರದ, ಚರಂಡಿ ಇಲ್ಲದ ಬಡಾವಣೆಗೆ ಕಾರ್ಪೊರೇಟರ್ ಬರುವುದು ಅಲ್ಲಿ ಓಟು ಇದೆ ಎಂದು ಗೊತ್ತಾದಾಗ. ಓಟಿಲ್ಲದ ಗುಡಿಸಲು ಸಾಲು ವರ್ಷಾನುಗಟ್ಟಲೆ ಹಾಗೇ ಉಳಿದಿರುವುದಕ್ಕೆ ಇದೇ ದೊಡ್ಡ ಕಾರಣ.

ವರ್ಗಾವಣೆಗೆ ಬೇಕಾದದ್ದು ಫಾರಂ 8. ಫಾರಂ 6 ಅಲ್ಲ, ಅದು ಮೊದಲ ಸಲ ಸೇರುವವರಿಗೆ. ಈ ತಪ್ಪು ಬಹಳ ಜನ ಮಾಡುತ್ತಾರೆ. ಫಾರಂ 6 ತುಂಬಿದರೆ ಎರಡು ಕಡೆ ಹೆಸರು ಬರುತ್ತದೆ. ಬೇರೆಲ್ಲೂ ಹೆಸರಿಲ್ಲ ಎಂದು ಅದರಲ್ಲಿ ಸಹಿ ಮಾಡಿರುತ್ತೀರಿ. ತಿಳಿದೂ ಸುಳ್ಳು ಘೋಷಣೆ ಮಾಡಿದರೆ ಒಂದು ವರ್ಷದ ತನಕ ಜೈಲಾಗಬಹುದು. ಫಾರಂ 8ರಲ್ಲಿ ಹಳೆಯ ಮತದಾರರ ಚೀಟಿ ನಂಬರ್ ಬರೆದರೆ ಹೆಸರು ಅಲ್ಲಿ ತೆಗೆದು ಇಲ್ಲಿ ಸೇರುತ್ತದೆ, ನಂಬರ್ ಬದಲಾಗುವುದಿಲ್ಲ. ಆನ್‌ಲೈನ್‌ನಲ್ಲಿ, ಚುನಾವಣಾ ಆಯೋಗದ ಆಪ್‌ನಲ್ಲಿ ಅಥವಾ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಡಬಹುದು. ಅರ್ಜಿ ಕೊಟ್ಟಾಗ ಬರುವ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ. ವಿಚಾರಣೆಗೆ 1950.

ವಿಳಾಸದ ದಾಖಲೆಯೇ ದೊಡ್ಡ ಗೋಡೆ. ಬಾಡಿಗೆ ಕರಾರು ನೋಂದಣಿಯಾಗಿರಬೇಕು ಎನ್ನುತ್ತಾರೆ, ಆದರೆ ಒಂದು ವರ್ಷಕ್ಕಿಂತ ಕಡಿಮೆ ಅವಧಿಯದ್ದಕ್ಕೆ ನೋಂದಣಿ ಕಡ್ಡಾಯ ಅಲ್ಲವೆಂದು ಮಾಲೀಕರು 11 ತಿಂಗಳಿಗೇ ಬರೆಸುತ್ತಾರೆ. ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿರುತ್ತದೆ. ಇದಕ್ಕೆ ಸುಲಭದ ದಾರಿ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್. ಖಾತೆಯ ವಿಳಾಸವನ್ನು ನಗರದ ಶಾಖೆಯಲ್ಲಿ ಬದಲಿಸಿ, ಹೊಸ ವಿಳಾಸ ಮುದ್ರಿಸಿದ ಪಾಸ್‌ಬುಕ್ ಪಡೆದುಕೊಳ್ಳಿ. ಮತದಾರರ ಪಟ್ಟಿಗೆ ಅದು ನಡೆಯುತ್ತದೆ. ಏನೂ ಇಲ್ಲದೆ ಫುಟ್‌ಪಾತ್‌ನಲ್ಲೋ ಟೆಂಟಿನಲ್ಲೋ ಮಲಗುವವರಿಗೂ ಓಟಿನ ಹಕ್ಕಿದೆ. ಬಿಎಲ್‌ಒ ರಾತ್ರಿ ಹೊತ್ತು ಬಂದು, ಆ ವ್ಯಕ್ತಿ ಅಲ್ಲೇ ಮಲಗುತ್ತಾರೆ ಎಂದು ಖಚಿತ ಮಾಡಿಕೊಂಡರೆ ವಿಳಾಸದ ಕಾಗದ ಕೇಳುವಂತಿಲ್ಲ. ಚುನಾವಣಾ ಆಯೋಗದ ಈ ಸೂಚನೆ ಎಷ್ಟೋ ಬಿಎಲ್‌ಒಗಳಿಗೇ ನೆನಪಿರುವುದಿಲ್ಲ, ನೀವು ನೆನಪಿಸಬೇಕು.

ಪಟ್ಟಿ ಪರಿಷ್ಕರಣೆ ನಡೆಯುವಾಗ ಊರಿನ ಕಡೆ ಕಣ್ಣಿಡಿ. ಬಿಹಾರದಲ್ಲಿ 2025ರ ಆಗಸ್ಟ್ 1ರಂದು ಹೊರಬಂದ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ತೀರಿಕೊಂಡವರು, ಎರಡು ಕಡೆ ಇದ್ದವರ ಜೊತೆಗೆ ‘ಕಾಯಂ ಆಗಿ ಹೋದವರು’, ‘ಮನೆಯಲ್ಲಿ ಸಿಗದವರು’ ಎಂಬ ಗುರುತೂ ಅದರಲ್ಲಿತ್ತು. ದುಡಿಯಲು ಹೋದವರು ಈ ಪಟ್ಟಿಗೆ ಬೀಳುವುದು ಸುಲಭ. ಮನೆಯಲ್ಲಿರುವವರಿಗೆ ನಿಮ್ಮ ಚೀಟಿ ನಂಬರ್, ಫೋನ್ ನಂಬರ್ ಕೊಟ್ಟಿರಿ. ಕರಡು ಪಟ್ಟಿ ಬಂದ ದಿನವೇ ಹೆಸರು ಹುಡುಕಿ. ಆಕ್ಷೇಪಣೆಯ ದಿನಗಳು ಮುಗಿದ ಮೇಲೆ ಸರಿಪಡಿಸುವುದು ದುಪ್ಪಟ್ಟು ಕಷ್ಟ.

ಲೋಕಸಭೆ, ವಿಧಾನಸಭೆ ಚುನಾವಣೆಯ ದಿನ ಕೂಲಿ ಸಮೇತ ರಜೆ ಕೊಡಬೇಕು ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ ಹೇಳುತ್ತದೆ. ದಿನಗೂಲಿಯವರಿಗೂ ಅದು ಸಲ್ಲುತ್ತದೆ.

ಕೂಲಿಯ ಲೆಕ್ಕ, ಮುಂಗಡದ ಲೆಕ್ಕ

ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ವಕೀಲರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮೊದಲ ಪುಟದಲ್ಲಿ ಮೇಸ್ತ್ರಿಯ ಪೂರ್ತಿ ಹೆಸರು, ಫೋನ್ ನಂಬರ್, ಗುತ್ತಿಗೆದಾರನ ಹೆಸರು, ಕಟ್ಟಡ ಯಾರದ್ದು ಎಂಬುದು. ಸೈಟಿನ ಮುಂದಿನ ಬೋರ್ಡಿನ ಫೋಟೊ ಮೊಬೈಲ್‌ನಲ್ಲಿ. ಒಳಪುಟಗಳಲ್ಲಿ ದಿನಕ್ಕೊಂದು ಸಾಲು: ತಾರೀಖು, ಎಷ್ಟು ಜನ, ಎಷ್ಟು ಗಂಟೆ, ಒಟಿ ಎಷ್ಟು, ಖರ್ಚಿಗೆಂದು ಕೈಗೆ ಬಂದದ್ದೆಷ್ಟು. ವಾರಕ್ಕೊಮ್ಮೆ ಮೇಸ್ತ್ರಿಯ ಸಹಿ ಹಾಕಿಸಿ. ಸಹಿ ಹಾಕದಿದ್ದರೆ ಆ ಪುಟದ ಫೋಟೊ ತೆಗೆದು ಅವರ ವಾಟ್ಸಾಪ್‌ಗೆ ಕಳಿಸಿ. ಒಂದೇ ದಿನ ಕೂತು ಹಳೆಯದನ್ನೆಲ್ಲ ಬರೆದ ಪುಸ್ತಕ ನೋಡಿದರೇ ಗೊತ್ತಾಗುತ್ತದೆ, ಅದಕ್ಕೆ ಬೆಲೆ ಇಲ್ಲ.

ಕಟ್ಟಡದ ಮಾಲೀಕರ ಹೆಸರು ಏಕೆ ಬೇಕೆಂದರೆ, ಗುತ್ತಿಗೆದಾರ ಕೂಲಿ ಕೊಡದೆ ಓಡಿಹೋದರೆ ಕೊಡುವ ಹೊಣೆ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕರದ್ದು. ಮೇಸ್ತ್ರಿಯ ಅಡ್ಡಹೆಸರು ಮಾತ್ರ ಗೊತ್ತಿದ್ದರೆ ಕಾರ್ಮಿಕ ಅಧಿಕಾರಿಯೂ ಕೈಚೆಲ್ಲುತ್ತಾರೆ. ಕರ್ನಾಟಕದಲ್ಲಿ ಕಾರ್ಮಿಕ ಸಹಾಯವಾಣಿ 155214. ಉಚಿತ ಕಾನೂನು ನೆರವಿಗೆ 15100. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಮಿತಿ ನೋಡದೆ ವಕೀಲರನ್ನು ಕೊಡುತ್ತಾರೆ.

ಇಟ್ಟಿಗೆ ಭಟ್ಟಿ, ಕಬ್ಬಿನ ಗ್ಯಾಂಗುಗಳಲ್ಲಿ ಮುಂಗಡ ಕೊಟ್ಟು ಕರೆದೊಯ್ಯುತ್ತಾರೆ. ಮುಂಗಡ ಪಡೆದ ದಿನವೇ ಮೊತ್ತವನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆಸಿಕೊಳ್ಳಿ, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಮುಂಗಡ ತೀರಿಲ್ಲ ಎಂದು ಹೊರಗೆ ಬಿಡದಿದ್ದರೆ, ಬೇರೆ ಕಡೆ ದುಡಿಯಲು ಬಿಡದಿದ್ದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಆ ಸಾಲವೇ ಅಳಿದುಹೋಗುತ್ತದೆ. ದೂರು ಹೋಗಬೇಕಾದದ್ದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ. ಬಿಡುಗಡೆ ಪತ್ರ ಕೈಗೆ ಬಾರದೆ ಊರಿಗೆ ಹೊರಡಬೇಡಿ. ಪುನರ್ವಸತಿ ಕೇಳಲು ಅದೇ ಆಧಾರ.

ಕಟ್ಟಡ ಕೆಲಸದವರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ, 18ರಿಂದ 60 ವರ್ಷದೊಳಗಿದ್ದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಯಾವ ರಾಜ್ಯದವರು ಎಂಬುದು ಅಡ್ಡಿಯಲ್ಲ. ಆದರೆ ಪ್ರತಿ ರಾಜ್ಯದ ಮಂಡಳಿ ಬೇರೆ, ಮಹಾರಾಷ್ಟ್ರದ ಕಾರ್ಡ್ ಇಲ್ಲಿ ನಡೆಯುವುದಿಲ್ಲ. 90 ದಿನದ ದೃಢೀಕರಣಕ್ಕೆ ಮೇಲೆ ಹೇಳಿದ ನೋಟ್‌ಬುಕ್ಕೇ ನೆರವಿಗೆ ಬರುತ್ತದೆ. ಉಳಿದ ಅಸಂಘಟಿತ ಕೆಲಸದವರು, 16ರಿಂದ 59 ವರ್ಷದವರು, ಇ-ಶ್ರಮ್‌ನಲ್ಲಿ ಹೆಸರು ಬರೆಸಿ. ಆ ನೋಂದಣಿ ದೇಶಕ್ಕೆಲ್ಲ ಒಂದೇ, ಉಚಿತ.

ಮಕ್ಕಳು

ನಗರದಲ್ಲಿ ಹುಟ್ಟಿದ ಮಗುವಿನ ಜನನ ನೋಂದಣಿ ನಗರದಲ್ಲೇ ಆಗಬೇಕು, ಊರಲ್ಲಿ ಅಲ್ಲ. ಹುಟ್ಟಿದ ಜಾಗವೇ ನಿಯಮ. 21 ದಿನದೊಳಗೆ ಉಚಿತ. 30 ದಿನ ದಾಟಿದರೆ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ‘ಬಾಣಂತನ ಮುಗಿಸಿ ಊರಿಗೆ ಹೋದಮೇಲೆ ಮಾಡಿಸೋಣ’ ಎಂದವರು ಕೊನೆಗೆ ನಗರದ ಆಸ್ಪತ್ರೆಗೂ ಊರಿನ ಕಚೇರಿಗೂ ನಡುವೆ ಅಲೆಯುತ್ತಾರೆ. ಆಸ್ಪತ್ರೆಯಿಂದ ಹೊರಡುವ ಮೊದಲೇ ಅಪ್ಪ ಅಮ್ಮನ ಹೆಸರು ಆಧಾರ್‌ನಲ್ಲಿದ್ದಂತೆ ಬರೆದಿದ್ದಾರೆಯೇ ನೋಡಿ. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮಗುವಿನ ಪೌರತ್ವಕ್ಕೆ ತಂದೆ ತಾಯಿ ಯಾರೆಂಬುದೂ ಲೆಕ್ಕಕ್ಕೆ ಬರುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗಂತೂ ಹುಟ್ಟಿದ ದಿನ, ಜಾಗಕ್ಕೆ ಈ ಪ್ರಮಾಣಪತ್ರವೇ ದಾಖಲೆ.

ಶಾಲೆಯ ವಿಷಯದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಮ್ಮ ಕಡೆ ಗಟ್ಟಿಯಾಗಿ ನಿಂತಿದೆ. 6ರಿಂದ 14 ವರ್ಷದ ಮಗುವನ್ನು ಸರ್ಕಾರಿ ಶಾಲೆ ವರ್ಷದ ನಡುವೆಯೂ ಸೇರಿಸಿಕೊಳ್ಳಬೇಕು. ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಓದು ತಪ್ಪಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಕೂರಿಸಬೇಕು. ಊರಿನ ಶಾಲೆಯಿಂದ ಮಗುವಿನ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ) ಬರೆಸಿಕೊಂಡು ಬಂದರೆ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಆ ನಂಬರ್ ಇಲ್ಲದೆ ಹೊಸದಾಗಿ ಸೇರಿಸಿದರೆ ಒಂದೇ ಮಗು ಎರಡು ಶಾಲೆಯಲ್ಲಿ ದಾಖಲಾಗಿ ಮುಂದೆ ತೊಡಕಾಗುತ್ತದೆ. ಅಂಗನವಾಡಿಗೂ ಹೀಗೇ: ತಾಯಿ ಕಾರ್ಡ್ ತೋರಿಸಿ, ಅಂಗನವಾಡಿಯ ಆಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಹೆಸರನ್ನು ವರ್ಗಾಯಿಸಿಕೊಳ್ಳಲು ಕಾರ್ಯಕರ್ತೆಗೆ ಹೇಳಿ. ಅಪ್ಪ ಅಮ್ಮ ಹೋಗುವಾಗ ಮಗು ಊರಲ್ಲೇ ಉಳಿಯುವುದಾದರೆ ಋತುಮಾನ ವಸತಿ ಶಾಲೆ ಹತ್ತಿರದಲ್ಲಿದೆಯೇ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ.

ಜಾತಿ ಪ್ರಮಾಣಪತ್ರ ಮಾತ್ರ ರಾಜ್ಯ ದಾಟಿದರೆ ಬೆಲೆ ಕಳೆದುಕೊಳ್ಳುತ್ತದೆ. ಕರ್ನಾಟಕದ ಪರಿಶಿಷ್ಟ ಜಾತಿಯವರಿಗೆ ಮಹಾರಾಷ್ಟ್ರ ಸರ್ಕಾರದ ಮೀಸಲಾತಿ ಸಿಗುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲೂ ಇದನ್ನೇ ಎತ್ತಿಹಿಡಿದಿದೆ. ಅದಕ್ಕೇ ಮಕ್ಕಳ ಜಾತಿ ಪ್ರಮಾಣಪತ್ರವನ್ನು ತಂದೆಯ ಊರಿನ ನಾಡಕಚೇರಿಯಲ್ಲೇ ಮಾಡಿಸಿಡಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರು ಆ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371ಜೆ ಅರ್ಹತಾ ಪತ್ರಕ್ಕೆ ಬೇಕಾಗುವ ಹುಟ್ಟು, ವಾಸ, ಓದಿನ ಊರಿನ ದಾಖಲೆಗಳನ್ನೂ ಹಾಗೇ ಕಾಪಾಡಿಕೊಳ್ಳಿ.

ಹಂಗಾಮು ಮುಗಿಸಿ ವಾಪಸ್ ಹೊರಡುವ ವಾರ ಮೂರು ಕೆಲಸ ಬಾಕಿ ಇರುತ್ತವೆ. ಶಾಲೆಯಿಂದ ಟಿಸಿ ಅಥವಾ ಹಾಜರಾತಿ ಪತ್ರ ಪಡೆಯಿರಿ. ಮೇಸ್ತ್ರಿಯ ಜೊತೆ ನೋಟ್‌ಬುಕ್ ತೆರೆದು ಪೈಸೆ ಪೈಸೆ ಲೆಕ್ಕ ಚುಕ್ತಾ ಮಾಡಿಕೊಂಡು ಕೊನೆಯ ಪುಟಕ್ಕೆ ಸಹಿ ಹಾಕಿಸಿ. ಆ ತಿಂಗಳ ರೇಷನ್ ಇನ್ನೂ ಎತ್ತಿಲ್ಲವಾದರೆ ಬಸ್ ಹತ್ತುವ ಮೊದಲೇ ಅಲ್ಲಿ ಎತ್ತಬೇಕೋ, ಊರಲ್ಲಿ ಎತ್ತಬೇಕೋ ಎಂದು ಮನೆಗೆ ಫೋನ್ ಮಾಡಿ ಕೇಳಿ.